ಟ್ರೈಲರ್ ಟೈರಿಗೆ ಎಷ್ಟು ಗಾಳಿ? ಮೊದಲು ತೂಕ ಹಾಕಿಸಿ

ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಫೀನಿಕ್ಸ್‌ನ ಸೆಕೆ ತಡೆಯಲಾರದೆ ನಾವು ಫೋರ್ಡ್ ಎಫ್-150 ಪಿಕಪ್‌ಗೆ ಕ್ಯಾಂಪಿಂಗ್ ಟ್ರೈಲರ್ ಕಟ್ಟಿಕೊಂಡು ಬೆಟ್ಟದ ಮೇಲಿನ ಊರು ಫ್ಲಾಗ್‌ಸ್ಟಾಫ್ ಕಡೆ ಹತ್ತುತ್ತೇವೆ. ಹೊಸದಾಗಿ ಟ್ರೈಲರ್ ಕೊಂಡ ಗೆಳೆಯರೆಲ್ಲ ಕೇಳುವುದು ಒಂದೇ: ಗಾಳಿ ಎಷ್ಟು ಹಾಕ್ತೀರಾ? ತೂಕ ಹಾಕಿಸಿದ್ರಾ ಅಂತ ನಾನು ತಿರುಗಿ ಕೇಳುತ್ತೇನೆ.

ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ. ನೀರು, ಗ್ಯಾಸ್, ಪಾತ್ರೆಪಗಡ ಎಲ್ಲ ತುಂಬಿ, ಮನೆಯವರನ್ನೂ ಕೂರಿಸಿಕೊಂಡೇ ಅದರ ಮೇಲೆ ನಿಲ್ಲಿಸಿದರೆ ಪಿಕಪ್‌ನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್‌ಗಳು ಅಂತ ಬೇರೆ ಬೇರೆಯಾಗಿ ತೂಕ ಬರುತ್ತದೆ. ಖಾಲಿ ಗಾಡಿ ತೂಗಿಸಿ ಪ್ರಯೋಜನವಿಲ್ಲ.

ನಮ್ಮ ಟ್ರೈಲರಿನ ಎರಡು ಆಕ್ಸಲ್ ಸೇರಿ 6,200 ಪೌಂಡ್ ಬಂತು. ಅಂದರೆ ಒಂದೊಂದು ಟೈರಿಗೆ 1,550. ಟ್ರೈಲರ್ ಜೊತೆ ಬಂದಿದ್ದ ಎಸ್‌ಟಿ (ಟ್ರೈಲರಿಗೆಂದೇ ಮಾಡಿದ) 205/75ಆರ್14 ಟೈರು, ಲೋಡ್ ರೇಂಜ್ (ಟೈರು ಎಷ್ಟು ಭಾರ ಹೊರುತ್ತದೆ ಎಂಬ ದರ್ಜೆ) ಸಿ, 50 ಪಿಎಸ್ಐ ಗಾಳಿಯಲ್ಲಿ 1,760 ಪೌಂಡ್ ಹೊರುತ್ತದೆ. ಲೆಕ್ಕದಲ್ಲಿ ಸಾಕು. ಆದರೆ ಒಲೆ, ಫ್ರಿಜ್ ಎಲ್ಲ ಒಂದೇ ಪಕ್ಕ ಇದ್ದರೆ ಭಾರ ಸಮನಾಗಿ ಹಂಚಿಹೋಗುವುದಿಲ್ಲ, ಅಲ್ವಾ? ಅದಕ್ಕೇ ಅದೇ ಅಳತೆಯಲ್ಲಿ ಲೋಡ್ ರೇಂಜ್ ಡಿ ಹಾಕಿಸಿದೆ. ಅದು 65ಕ್ಕೆ 2,040 ಹೊರುತ್ತದೆ. ಆದರೆ ರಿಮ್ ಮತ್ತು ವಾಲ್ವ್ ಕೂಡ 65 ತಡೆಯಬೇಕು. ಇದನ್ನು ಅಂಗಡಿಯಲ್ಲಿ ಕೇಳಿಯೇ ಹಾಕಿಸಿ.

ಟ್ರೈಲರಿಗೆ ನಾನು ಟೈರಿನ ಪಕ್ಕದಲ್ಲಿ ಬರೆದಿರುವ ಪೂರ್ತಿ ಗಾಳಿಯನ್ನೇ ಹಾಕುತ್ತೇನೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕ ಮಡಚಿ ಮಡಚಿ ಬಿಸಿಯೇರಿ, ಕೊನೆಗೆ ಹೆದ್ದಾರಿಯಲ್ಲಿ ಸಿಡಿಯುತ್ತದೆ. ಪಿಕಪ್‌ಗೆ ಹೀಗೆ ಮಾಡಬೇಡಿ. ನನ್ನ ಗಾಡಿಯ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ 35 ಅನ್ನುತ್ತದೆ. ಮುಂದಿನ ಟೈರಿಗೆ ಅಷ್ಟೇ. ಹಿಂದಿನ ಆಕ್ಸಲ್ ಮೇಲೆ ಟ್ರೈಲರ್ ಕಟ್ಟುವ ಕೊಂಡಿಯ ಭಾರ ಕೂರುತ್ತದೆ, ಟ್ರೈಲರ್ ತೂಕದ ಶೇ 10ರಿಂದ 15ರಷ್ಟು, ಹಾಗಾಗಿ ಅಲ್ಲಿ 40. ಟೈರಿನ ಗರಿಷ್ಠ ಮಿತಿ 44. ಟ್ರೈಲರ್ ಬಿಚ್ಚಿದ ಮೇಲೆ ಮತ್ತೆ 35.

ಗಾಳಿ ನೋಡುವುದು ಬೆಳಗಿನ ಜಾವ, ಬಿಸಿಲು ಬೀಳುವ ಮುಂಚೆ, ಗಾಡಿ ಕದಲಿಸುವ ಮುಂಚೆ. ಫ್ಲಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿ ಏರುವಾಗ ಟ್ರೈಲರ್ ಟೈರಿನಲ್ಲಿ 65 ಇದ್ದದ್ದು 72, 75 ತೋರಿಸಬಹುದು. ಬಿಸಿ ಟೈರಿನಿಂದ ಗಾಳಿ ಬಿಡಲೇಬೇಡಿ, ಟೈರ್ ಮಾಡಿದವರು ಈ ಏರಿಕೆಯನ್ನು ಲೆಕ್ಕ ಹಿಡಿದೇ ಮಾಡಿರುತ್ತಾರೆ.

ಫ್ಲಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿದೆ, ಫೀನಿಕ್ಸ್ 1,100. ಮೇಲೆ ಬೆಳಿಗ್ಗೆ ಕೆಳಗಿಗಿಂತ 20 ಡಿಗ್ರಿ ಸೆಲ್ಸಿಯಸ್ ತಣ್ಣಗಿದ್ದರೆ 65ರಲ್ಲಿ ಸುಮಾರು 5 ಇಳಿಯುತ್ತದೆ. ಆದರೆ ಎತ್ತರದಲ್ಲಿ ಹೊರಗಿನ ಒತ್ತಡವೂ ತಗ್ಗಿರುವುದರಿಂದ ಗೇಜ್ ಎರಡೂವರೆಯಷ್ಟು ಜಾಸ್ತಿ ತೋರಿಸುತ್ತದೆ. ಕೊನೆಗೆ ಸಿಗುವುದು 62, 63. ಅಲ್ಲೇ ಟ್ರೈಲರ್ ಎಳೆದುಕೊಂಡು ಸುತ್ತುವುದಿದ್ದರೆ ತುಂಬಿಸುತ್ತೇನೆ. ನೇರ ಇಳಿಯುವುದಿದ್ದರೆ ನಮ್ಮ ತೂಕಕ್ಕೆ ಅದು ಧಾರಾಳ, ಸುಮ್ನೆ ಬಿಡುತ್ತೇನೆ.

ಇನ್ನೊಂದು ವಿಷಯ, ವೇಗ. ಈ ದಾರಿಯಲ್ಲಿ 75 ಮೈಲಿ ಬೋರ್ಡ್ ಕಾಣುತ್ತದೆ, ಆದರೆ ಎಷ್ಟೋ ಎಸ್‌ಟಿ ಟೈರುಗಳ ವೇಗದ ಮಿತಿ ಗಂಟೆಗೆ 65 ಮೈಲಿ. ನಾನು 60 ದಾಟುವುದಿಲ್ಲ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.