ಶನಿವಾರ ರಾತ್ರಿಯ ನೂಡಲ್ಸ್ ಸರಿಮಾಡಿದ್ದು ಹೀಗೆ: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂ ಕಡೆ ನಮ್ಮದೊಂದು ಚಿಕ್ಕ ನೂಡಲ್ಸ್ ಹೋಟೆಲ್. 28 ಸೀಟು. ತುಕ್ಪಾ ಅಂದರೆ ಟಿಬೆಟಿಯನ್ನರ ಸಾರಿನ ನೂಡಲ್ಸ್, ಬಾಣಲೆಯಲ್ಲಿ ಹುರಿಯುವ ಹಕ್ಕಾ ನೂಡಲ್ಸ್, ಮೊಮೊ, ಜೊತೆಗೆ ಗೋಬಿ. ಮುಖ್ಯ ಅಡುಗೆಯವರು ಕುಶಾಲನಗರದ ಪಕ್ಕದ ಬೈಲಕುಪ್ಪೆಯವರು. 1961ರಲ್ಲಿ ಶುರುವಾದ ಆ ಟಿಬೆಟಿಯನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವರು. ಕೈರುಚಿ ಬಗ್ಗೆ ಎರಡು ಮಾತಿಲ್ಲ. ಆದರೂ ಮೊದಲ ಒಂದೂವರೆ ವರ್ಷ ಗಿರಾಕಿಗಳ ಮಾತು ಎರಡು ಥರ ಇತ್ತು.

ಒಬ್ಬರು ತುಕ್ಪಾ ಕುಡಿದು, 'ಇನ್ನು ಕುಶಾಲನಗರದ ತನಕ ಹೋಗೋದೇ ಬೇಡ' ಅನ್ನುತ್ತಿದ್ದರು. ಅದೇ ವಾರ ಇನ್ನೊಬ್ಬರು ಅರ್ಧ ಬಟ್ಟಲು ಬಿಟ್ಟು ಎದ್ದು, 'ಮುದ್ದೆ ಥರ ಇದೆ, ದುಡ್ಡು ದಂಡ' ಅನ್ನುತ್ತಿದ್ದರು. ಅದೇ ಹಿಟ್ಟು, ಅದೇ ಸಾರು, ಅದೇ ಕೈ. ನಮ್ಮ ಭಾವ ಬಿಲ್ಲಿಂಗ್ ನೋಡಿಕೊಳ್ಳುತ್ತಾರೆ. 'ಎಲ್ಲರ ನಾಲಿಗೆ ಒಂದೇ ಥರ ಇರಲ್ಲ, ತಲೆ ಕೆಡಿಸ್ಕೋಬೇಡ' ಅಂದರು. ನಾನೂ ಹಾಗೇ ಅಂದುಕೊಂಡು ಸುಮ್ಮನಿದ್ದೆ. ಅದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. ಶನಿವಾರ ರಾತ್ರಿ ಎಂಟು ಹತ್ತು ಪ್ಲೇಟ್ ವಾಪಸ್ ಬರುತ್ತಿತ್ತು. ಬಿಲ್ಲಿನಲ್ಲಿ ಬಿಟ್ಟುಕೊಟ್ಟಿದ್ದು, ಎಸೆದಿದ್ದು, ಮತ್ತೆ ಬಾರದ ಗಿರಾಕಿಗಳು ಎಲ್ಲ ಸೇರಿ ತಿಂಗಳಿಗೆ ಮೂವತ್ತು ನಲವತ್ತು ಸಾವಿರ ಕೈಬಿಟ್ಟು ಹೋಗುತ್ತಿತ್ತು.

ಮೊದಲು ಮಾಡಿದ್ದೆಲ್ಲ ತಪ್ಪು. ಮಸಾಲೆ ಬದಲಿಸಿದೆ. ಸೋಯಾ ಸಾಸ್ ದುಬಾರಿಯದು ತರಿಸಿದೆ. ಮೆನುವಿಗೆ ಇನ್ನೂ ಹನ್ನೆರಡು ಐಟಂ ಸೇರಿಸಿದೆ. ಅದಂತೂ ದೊಡ್ಡ ತಪ್ಪು. ಹೊಸ ಐಟಂ ಬಂದಷ್ಟೂ ಒಲೆ ಮುಂದೆ ಗೊಂದಲ ಜಾಸ್ತಿಯಾಯಿತು.

ದಾರಿ ತೋರಿಸಿದ್ದು ಪಾತ್ರೆ ತೊಳೆಯುವ ಅಕ್ಕ. ಒಂದು ಭಾನುವಾರ ಬೆಳಿಗ್ಗೆ ನಾನು ಲೆಕ್ಕ ಬರೆಯುತ್ತಾ ಕೂತಿದ್ದೆ. ಸುಮ್ನೆ ಮಾತಿಗೆ ಮಾತು ಬಂದು, 'ಸಾರ್, ಮಧ್ಯಾಹ್ನದ ಬಟ್ಟಲು ನೀರು ಬಿಟ್ರೆ ಹೋಗುತ್ತೆ. ರಾತ್ರೀದು ಗಂಜಿ ಪಾತ್ರೆ ಥರ ಅಂಟಿರುತ್ತೆ, ಉಜ್ಜಿ ಉಜ್ಜಿ ಸಾಕಾಗುತ್ತೆ' ಅಂದರು. ನಾನು ಪೆನ್ನು ಕೆಳಗಿಟ್ಟೆ.

ಅವತ್ತಿನಿಂದ ಮೂರು ವಾರ ಗಿರಾಕಿಗಳನ್ನು 'ಹೇಗಿತ್ತು?' ಅಂತ ಕೇಳುವುದನ್ನೇ ಬಿಟ್ಟೆ. ಮುಖ ನೋಡಿ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ, ಅಲ್ವಾ? ಬದಲಿಗೆ ವಾಪಸ್ ಬರುವ ಬಟ್ಟಲು ನೋಡಿದೆ. ಯಾವ ಟೇಬಲ್, ಎಷ್ಟು ಗಂಟೆ, ಉಳಿದಿದ್ದು ಸಾರೋ ನೂಡಲ್ಸೋ ಅಂತ ಬರೆದುಕೊಂಡೆ. ಮಧ್ಯಾಹ್ನ ಉಳಿದರೆ ಸಾರು ಉಳಿಯುತ್ತಿತ್ತು. ರಾತ್ರಿ ಎಂಟೂವರೆ ದಾಟಿದ ಮೇಲೆ ನೂಡಲ್ಸ್ ಉಳಿಯುತ್ತಿತ್ತು. ಗಿರಾಕಿಗಳ ನಾಲಿಗೆ ಬೇರೆ ಬೇರೆ ಆಗಿರಲಿಲ್ಲ. ಅವರು ಬಂದ ಹೊತ್ತು ಬೇರೆ ಆಗಿತ್ತು.

ಬೇಯಿಸುವ ಪಾತ್ರೆ ಹತ್ತಿರ ನಿಂತಾಗ ಕಾರಣ ಕಣ್ಣಿಗೇ ಕಂಡಿತು. 25 ಲೀಟರಿನ ಒಂದೇ ಪಾತ್ರೆ. ಸಂಜೆ ಆರಕ್ಕೆ ಇಟ್ಟ ನೀರು ಒಂಬತ್ತಕ್ಕೂ ಅದೇ. ಸೌಟಿನಲ್ಲಿ ಎತ್ತಿ ಸುರಿದರೆ ನೀರಿನ ಹಾಗೆ ಬೀಳುತ್ತಿರಲಿಲ್ಲ, ತೆಳುವಾದ ಗಂಜಿಯ ಹಾಗೆ ಬಿಳಿಯಾಗಿ ಜಾರುತ್ತಿತ್ತು. ಅದರಲ್ಲಿ ಒಟ್ಟಿಗೆ ಐದಾರು ಪ್ಲೇಟಿನ ನೂಡಲ್ಸ್ ಹಾಕಿದ ತಕ್ಷಣ ಕುದಿ ನಿಲ್ಲುತ್ತಿತ್ತು. ಮತ್ತೆ ಕುದಿ ಬರುವ ಹೊತ್ತಿಗೆ ನೂಡಲ್ಸಿನ ಹೊರಗೆಲ್ಲ ಅಂಟು, ಒಳಗೆ ಹಸಿ. ಬಾಣಲೆಯದೂ ಅದೇ ಕಥೆ. ಆರು ಪ್ಲೇಟ್ ಒಟ್ಟಿಗೆ ಹಾಕಿದರೆ ಎಲೆಕೋಸು ನೀರು ಬಿಟ್ಟು, ಹುರಿಯುವ ಬದಲು ಬೇಯುತ್ತದೆ.

ನಾನು ಮಾಡಿದ ನಿಯಮ ಇಷ್ಟೇ. ಬೇಯಿಸುವುದಕ್ಕೆ ಎರಡು ಪಾತ್ರೆ. ಒಂದು ನಡೆಯುತ್ತಿರುವಾಗ ಇನ್ನೊಂದರಲ್ಲಿ ಹೊಸ ನೀರು ಕುದಿಯುತ್ತಿರಬೇಕು. ಮೂವತ್ತು ಪ್ಲೇಟಿಗೊಮ್ಮೆ ನೀರು ಚೆಲ್ಲಬೇಕು, ಎಷ್ಟೇ ರಶ್ ಇರಲಿ. ಒಂದು ಸಲಕ್ಕೆ ಎರಡು ಪ್ಲೇಟ್‌ಗಿಂತ ಜಾಸ್ತಿ ಪಾತ್ರೆಗೂ ಇಲ್ಲ, ಬಾಣಲೆಗೂ ಇಲ್ಲ. ಮೊದಲೇ ಬೇಯಿಸಿ ಎಣ್ಣೆ ಸವರಿ ಗುಡ್ಡೆ ಹಾಕುವುದು ಪೂರ್ತಿ ಬಂದ್.

ಯಾರೂ ಒಪ್ಪಲಿಲ್ಲ. 'ಹೊರಗೆ ಜನ ನಿಂತಿರುವಾಗ ಎರಡೆರಡು ಪ್ಲೇಟ್ ಮಾಡಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ' ಅಂದರು ಭಾವ. ಅಡುಗೆಯವರು ಮಾತಾಡಲಿಲ್ಲ, ಆದರೆ ಮುಖದಲ್ಲಿ ಬೇಸರ ಕಾಣುತ್ತಿತ್ತು. ಮೊದಲ ಶನಿವಾರ ಭಾವ ಹೇಳಿದಂತೆಯೇ ಆಯಿತು. ಸಣ್ಣ ಬರ್ನರಿನಲ್ಲಿ ಎರಡನೇ ಪಾತ್ರೆ ಕುದಿಯಲೇ ಇಲ್ಲ. ನಾಲ್ಕು ಟೇಬಲ್ ಎದ್ದು ಹೋದವು. ಸೋಮವಾರ ಮಂಡಿ ಮೊಹಲ್ಲಾಕ್ಕೆ ಹೋಗಿ ಹಳೆಯ ದೊಡ್ಡ ಬರ್ನರ್ ತಂದೆ, ಸುಮಾರು ನಾಲ್ಕು ಸಾವಿರ ಆಯಿತು.

ಎರಡನೇ ಶನಿವಾರ ಮೊಬೈಲಿನಲ್ಲಿ ಸಮಯ ನೋಡಿಕೊಂಡೆ. ಹಿಂದೆ ಆರು ಪ್ಲೇಟ್ ಹಕ್ಕಾ ಒಟ್ಟಿಗೆ ಮಾಡಿದರೆ ಒಂಬತ್ತು ನಿಮಿಷ ಹಿಡಿಯುತ್ತಿತ್ತು. ಈಗ ಎರಡು ಪ್ಲೇಟಿಗೆ ಎರಡೂವರೆ ನಿಮಿಷ, ಮೂರು ಸಲ ಮಾಡಿದರೂ ಎಂಟರ ಒಳಗೇ ಮುಗಿಯಿತು. ಮೊದಲ ಎರಡು ಪ್ಲೇಟ್ ಅಂತೂ ಗಿರಾಕಿ ನೀರು ಕುಡಿದು ಲೋಟ ಇಡುವಷ್ಟರಲ್ಲಿ ಟೇಬಲ್ ಮೇಲೆ! ಇದನ್ನು ನೋಡಿದ ಮೇಲೆ ಭಾವ ಬಾಯಿ ಬಿಡಲಿಲ್ಲ. ಈಗ ಶನಿವಾರ ವಾಪಸ್ ಬರುವುದು ಒಂದೋ ಎರಡೋ. ಎಷ್ಟೋ ಸಲ ಅದೂ ಇಲ್ಲ. ಗ್ಯಾಸ್ ಖರ್ಚು ಏರಿದ್ದು ನಿಜ. 19 ಕೆಜಿ ಸಿಲಿಂಡರ್ ತಿಂಗಳಿಗೆ ಮೂರು ಜಾಸ್ತಿ, ಅಂದರೆ ಆಗಿನ ಬೆಲೆಯಲ್ಲಿ ಐದಾರು ಸಾವಿರ. ಉಳಿದದ್ದರ ಮುಂದೆ ಅದು ದೊಡ್ಡದಲ್ಲ.

ಪಾರ್ಸೆಲ್ ಬೇರೆಯೇ ತಲೆನೋವು. ದಾರಿಯಲ್ಲಿ ನೂಡಲ್ಸ್ ಸಾರು ಕುಡಿದು ಊದಿಕೊಳ್ಳುತ್ತದೆ. ಸಾರಿಗೆ ಬೇರೆ ಡಬ್ಬ ಕೊಟ್ಟೆವು, ಒಂದಕ್ಕೆ ಆರು ರೂಪಾಯಿ ಜಾಸ್ತಿ. ನೂಡಲ್ಸನ್ನು ಅರ್ಧ ನಿಮಿಷ ಮೊದಲೇ ಎತ್ತಿ ತಣ್ಣೀರಿನಲ್ಲಿ ಜಾಲಿಸುತ್ತೇವೆ. ಡಬ್ಬಕ್ಕೆ ತುಂಬುವ ಮೊದಲು ಇನ್ನೊಂದು ಕೆಲಸ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದೇ ನಮ್ಮ ಪಾರ್ಸೆಲ್ ವ್ಯಾಪಾರದ ಜೀವ.

'ಸಪ್ಪೆ' ಅನ್ನುವ ದೂರು ಮಾತ್ರ ಉಳಿದಿತ್ತು. ತುಕ್ಪಾ ಇರುವುದೇ ಹಾಗೆ, ಖಾರದ ಸಾರಲ್ಲ. ಅಡುಗೆಯವರು ಸಾರು ಬದಲಿಸಲು ಒಪ್ಪಲಿಲ್ಲ, ಅವರು ಹೇಳಿದ್ದೇ ಸರಿ. ಪ್ರತಿ ಟೇಬಲ್ ಮೇಲೆ ಸೆಪೆನ್ ಅನ್ನುವ ಅವರ ಖಾರದ ಚಟ್ನಿ ಇಟ್ಟೆವು. ಬೇಕಾದವರು ಹಾಕಿಕೊಳ್ಳುತ್ತಾರೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ರಾಜ್ಯದಲ್ಲಿ ನಿಷೇಧ ಬಂತು. ಆಗ ಗೋಬಿಯ ಬಣ್ಣ ನೋಡಿಯೇ ರುಚಿ ಇಲ್ಲ ಅನ್ನುವವರು ಬಂದರು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದೆ. ಬಣ್ಣ ಬಂತು, ಖಾರ ಏರಲಿಲ್ಲ.

ಅಡುಗೆ ಸೋಡಾವನ್ನು ಓವನ್‌ನಲ್ಲಿ ಒಂದು ಗಂಟೆ ಕಾಯಿಸಿ, ಅದರ ಚೂರನ್ನು ಹಿಟ್ಟಿಗೆ ಬೆರೆಸಿಯೂ ನೋಡಿದೆ. ನೂಡಲ್ಸ್ ಹಳದಿ ತಿರುಗಿ ಗಟ್ಟಿಯಾಗುತ್ತದೆ, ಸಾರಿನಲ್ಲಿ ತುಂಬ ಹೊತ್ತು ನಿಲ್ಲುತ್ತದೆ. ಸ್ವಲ್ಪ ಜಾಸ್ತಿಯಾದರೆ ಸೋಪಿನ ವಾಸನೆ, ಎರಡು ಕೆಜಿ ಹಿಟ್ಟು ಹಾಗೆ ಹಾಳಾಯಿತು. ನಮ್ಮ ಅಳತೆ ಈಗ ಕೂತಿದೆ, ಅದು ನಮ್ಮಲ್ಲೇ ಇರಲಿ. ರಾಗಿ ನೂಡಲ್ಸ್ ಮಾತ್ರ ಇನ್ನೂ ಹತೋಟಿಗೆ ಬಂದಿಲ್ಲ. ಮೈದಾಕ್ಕೆ ಕಾಲು ಭಾಗ ರಾಗಿ ಬೆರೆಸಿದರೂ ನೀರಿನಲ್ಲಿ ತುಂಡಾಗುತ್ತದೆ. ಈ ವಾರ ಎಂಟನೇ ಒಂದು ಭಾಗ ಹಾಕಿ, ಹಿಟ್ಟನ್ನು ರಾತ್ರಿ ಇಡೀ ಇಟ್ಟು ನೋಡುತ್ತಿದ್ದೇವೆ. ಭಾವ ಇದೂ ಆಗಲ್ಲ ಅಂದಿದ್ದಾರೆ.