ಅನ್ನಭೇದಿ ಮೊದಲು, ಸಿಮೆಂಟ್ ಆಮೇಲೆ: ಗಣಿ ಮಣ್ಣಿನ ಆರ್ಸೆನಿಕ್ ಹಿಡಿದಿಟ್ಟ ನನ್ನ ಅನುಭವ

ಕಲಬುರಗಿಯಲ್ಲಿ ಕೂತು ಸಿಮೆಂಟ್ ಒಂದೇ ಸಾಲದು ಅಂದರೆ ಯಾರು ನಂಬುತ್ತಾರೆ? ಸೇಡಂ, ಮಳಖೇಡ, ವಾಡಿ, ಎಲ್ಲಿ ನೋಡಿದರೂ ಸಿಮೆಂಟ್ ಫ್ಯಾಕ್ಟರಿಗಳೇ. ಹಳೆ ಚಿನ್ನದ ಗಣಿಯ ಟೇಲಿಂಗ್ಸ್ (ಚಿನ್ನ ತೆಗೆದ ಮೇಲೆ ಉಳಿದ ಪುಡಿ ಮಣ್ಣು) ಗುಡ್ಡೆಯೊಂದನ್ನು, ಅದರ ಆರ್ಸೆನಿಕ್ ವಿಷ ನೀರಿಗೆ ಇಳಿಯದಂತೆ ಗಟ್ಟಿ ಮಾಡಿಕೊಡುವ ಕೆಲಸ ಹಿಡಿದಾಗ ಕೇಳಿದ್ದು ಎರಡೇ ಮಾತು. ನೂರಕ್ಕೆ 15 ಸಿಮೆಂಟ್ ಹಾಕು, ಮುಗೀತು ಅಂತ ಕೆಲವರು. ಆರ್ಸೆನಿಕ್ ನಿಲ್ಲೋದಿಲ್ಲ, ಸುಮ್ನೆ ಬೆಂಗಳೂರು ಹತ್ತಿರದ ದಾಬಸ್‌ಪೇಟೆಯ ವಿಷ ತ್ಯಾಜ್ಯದ ಗುಂಡಿಗೆ ಸಾಗಿಸು ಅಂತ ಉಳಿದವರು. ಇಲ್ಲಿಂದ 500 ಕಿಲೋಮೀಟರ್‌ಗೂ ಜಾಸ್ತಿ, ಸಾಗಣೆ ಮತ್ತು ಶುಲ್ಕ ಸೇರಿ ಟನ್ನಿಗೆ 5,000 ದಾಟುತ್ತಿತ್ತು. ಎರಡೂ ಬೇಕಿಲ್ಲ ಅಂತ ಈಗ ಲ್ಯಾಬ್ ರಿಪೋರ್ಟ್ ಕೈಯಲ್ಲಿಟ್ಟುಕೊಂಡು ಹೇಳುತ್ತೇನೆ.

ನಮ್ಮ ಭಾಗದವರಿಗೆ ಆರ್ಸೆನಿಕ್ ದೂರದ ಮಾತಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಜನ ಬೋರ್ ನೀರು ಕುಡಿದು ಏನು ಅನುಭವಿಸಿದರು ಅಂತ ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಮ್ಮ ಗುಡ್ಡೆಯ ಮಣ್ಣಲ್ಲಿ ಕಿಲೋಗೆ ಒಂದೂವರೆ ಗ್ರಾಂ ಆಸುಪಾಸು ಇತ್ತು.

ಮೊದಲು ಹಾಕಿದ್ದು ಎಲ್ಲರೂ ಹೇಳಿದ 15ರ ಹದವೇ. ಟೆಸ್ಟಿಗೆ ಹಾಕಿದ ಕ್ಯೂಬ್ ಗಟ್ಟಿ ಬಂತು, 28 ದಿನಕ್ಕೆ ಚದರ ಸೆಂಟಿಮೀಟರಿಗೆ 50 ಕಿಲೋ ಹತ್ತಿರ. ಕೆಲಸ ಕೊಟ್ಟ ಪಾರ್ಟಿಯವರು ಖುಷಿಯಾದರು. ಆದರೆ ಟಿಸಿಎಲ್‌ಪಿಗೆ, ಅಂದರೆ ವಿಷ ಎಷ್ಟು ಹೊರಗೆ ಬಿಡುತ್ತದೆ ಅಂತ ನೋಡುವ ಲ್ಯಾಬ್ ಟೆಸ್ಟಿಗೆ ಕಳಿಸಿದರೆ ಲೀಟರಿಗೆ 6 ಮಿಲಿಗ್ರಾಂ ಆರ್ಸೆನಿಕ್ ಬಂತು, ಮಿತಿ 5. ಆ ಟೆಸ್ಟಿನಲ್ಲಿ ಕ್ಯೂಬನ್ನು ಪುಡಿ ಮಾಡಿ 18 ಗಂಟೆ ಹುಳಿ ನೀರಲ್ಲಿ ತಿರುಗಿಸುತ್ತಾರೆ, ಕಲ್ಲು ಎಷ್ಟು ಗಟ್ಟಿ ಇತ್ತು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ. ವಿಷ ಮಣ್ಣಿನ ಕಣಕ್ಕೇ ಅಂಟಿರಬೇಕು, ಅದಕ್ಕೆ ಕಬ್ಬಿಣ ಬೇಕು.

ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ಗೊಬ್ಬರದಂಗಡಿಯಲ್ಲೇ ಸಿಗುತ್ತದೆ, ಚೀಲಗಟ್ಟಲೆ ತಗೊಂಡರೆ ಕಿಲೋಗೆ 15 ರೂಪಾಯಿಗೆ ಬಿತ್ತು. ನೂರಕ್ಕೆ 3 ಹಾಕಿ, ಮೇಲೆ ಅದೇ 15 ಸಿಮೆಂಟ್. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಗೌಂಡಿ ಕರೆದು "ಸರ, ಮೂಲಿ ಎಲ್ಲಾ ಉಬ್ಬ್ಯಾವ ನೋಡ್ರಿ" ಅಂದ. ಕ್ಯೂಬಿನ ಅಂಚಿನಗುಂಟ ಕೂದಲೆಳೆಯ ಬಿರುಕು, ಒಳಗೆ ಬಿಳಿ ಪುಡಿ, ಉಗುರಿಂದ ಕೆರೆದರೆ ಮೂಲೆ ಹಾಗೇ ಕಳಚಿ ಬರುತ್ತಿತ್ತು. ಸಲ್ಫೇಟ್ ಮಾಡಿದ ಕೆಲಸ. ಆ ಒಂದು ಪ್ರಯತ್ನಕ್ಕೆ ಟೆಸ್ಟ್ ಫೀಸು ಸೇರಿ ಎಂಬತ್ತು ಸಾವಿರದ ಹತ್ತಿರ ಹೋಯಿತು. ಪಾರ್ಟಿಯವರು ಆ ದುಡ್ಡು ಕೊಡಲೇ ಇಲ್ಲ.

ಆಮೇಲೆ ಸಿಮೆಂಟನ್ನು ಇಳಿಸಿದೆ. ಇದಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. ಸಿಮೆಂಟ್ ಜಾಸ್ತಿ ಆದಷ್ಟೂ ಕ್ಷಾರ ಏರುತ್ತದೆ, ಕ್ಷಾರ ಏರಿದರೆ ಕಬ್ಬಿಣ ಹಿಡಿದಿದ್ದ ಆರ್ಸೆನಿಕ್ ಮತ್ತೆ ಬಿಟ್ಟುಕೊಳ್ಳುತ್ತದೆ. ಸಾದಾ ಸಿಮೆಂಟ್ ಬಿಟ್ಟು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸ್ಲ್ಯಾಗ್ ಸಿಮೆಂಟ್ ತರಿಸಿದೆ, ನೂರಕ್ಕೆ 8 ಮಾತ್ರ. ಸ್ಲ್ಯಾಗ್ ಅರ್ಧಕ್ಕಿಂತ ಜಾಸ್ತಿ ಇರುವುದೇ ಬೇಕು, ಅದು ಸಲ್ಫೇಟ್ ತಾಳುತ್ತದೆ. ಅನ್ನಭೇದಿಯನ್ನು ಸ್ವಲ್ಪ ಸುಣ್ಣದ ಜೊತೆ ಮೊದಲೇ ಕಲಸಿ, ಗಾಳಿಗೆ ಬಿಟ್ಟು, ಹಸಿರು ಛಾಯೆ ಹೋಗಿ ಇಟ್ಟಿಗೆ ಬಣ್ಣ ಬಂದ ಮೇಲೆಯೇ ಸಿಮೆಂಟ್. ಎಷ್ಟು ತೇವದಲ್ಲಿ, ಎಷ್ಟು ಹೊತ್ತು, ನಡುವೆ ಇನ್ನೇನು ಚಿಮುಕಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ದುಡ್ಡು ಸುರಿದವನು ನಾನು. ಒಂದು ಮಾತು ಮಾತ್ರ ಮುಚ್ಚಿಡೋದಿಲ್ಲ: ಅನ್ನಭೇದಿ ಹುಳಿ, ಹಳೆ ಗುಡ್ಡೆಯಲ್ಲಿ ಚಿನ್ನ ತೆಗೆಯಲು ಬಳಸಿದ ಸೈನೈಡ್ ಉಳಿದಿದ್ದರೆ ವಿಷದ ಗಾಳಿ ಏಳುತ್ತದೆ. ಸೈನೈಡ್ ಟೆಸ್ಟ್ ಮಾಡಿಸದೆ ಚೀಲ ಬಿಚ್ಚಲೇಬೇಡಿ.

ನಡುವೆ ಬೀದರಿನ ಕೆಂಪು ಕಲ್ಲಿನ ಪುಡಿಯನ್ನೂ ನೋಡಿದೆ. ಅದರಲ್ಲಿ ಕಬ್ಬಿಣ ಇದ್ದೇ ಇದೆ, ಆರ್ಸೆನಿಕ್ ಹೀರುತ್ತದೆ ಕೂಡ, ಆದರೆ ನಿಧಾನ. ಮಣ್ಣಿನ ಕಾಲು ಭಾಗದಷ್ಟು ಹಾಕಬೇಕು, ಗುಡ್ಡೆಯೇ ದೊಡ್ಡದಾಗುತ್ತದೆ. ಶಹಾಬಾದ್ ಫರ್ಸಿ ಪಾಲಿಶ್ ಮಾಡಿದ ಕೆಸರು ಪುಕ್ಕಟೆ ಸಿಕ್ಕಿತು, ಹುಳಿ ತಡೆಯಲು ಆಯಿತು, ಆರ್ಸೆನಿಕ್‌ಗೆ ಏನೂ ಮಾಡಲಿಲ್ಲ.

ಮೇ ತಿಂಗಳ 43 ಡಿಗ್ರಿಯಲ್ಲಿ ಕ್ಯೂರಿಂಗ್ ಅಂದರೆ ಟ್ಯಾಂಕರ್ ನೀರು, ಒದ್ದೆ ಗೋಣಿತಟ್ಟು, ರಾತ್ರಿಯೂ ಒಬ್ಬ ಆಳು. ಸ್ಲ್ಯಾಗ್ ಸಿಮೆಂಟ್ ಮೊದಲ ವಾರ ಮೆತ್ತಗೇ ಇರುತ್ತದೆ, ಆಗ ಒಣಗಿದರೆ ಕೆಟ್ಟಿತು. ತಿಂಗಳಾದ ಮೇಲೆ ಟಿಸಿಎಲ್‌ಪಿ 0.3ಕ್ಕೆ ಇಳಿದಿತ್ತು, ಬರೀ ನೀರಲ್ಲಿ 0.02. ಗಟ್ಟಿತನ ಮೊದಲಿನ ಅರ್ಧ, ಆದರೂ ಗುಂಡಿಯಲ್ಲಿ ಹೂಳಲು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಇದು ಆಗುವುದೇ ಇಲ್ಲ ಅಂದಿದ್ದ ಇಬ್ಬರು ಈಗ ಹದ ಕೇಳಿ ಫೋನ್ ಮಾಡುತ್ತಿದ್ದಾರೆ.

ಟನ್ನಿಗೆ ಸಾಮಾನಿನ ಖರ್ಚು 1,100 ರೂಪಾಯಿ ಆಸುಪಾಸು, 15ರ ಹದಕ್ಕೂ ಅಷ್ಟೇ ಬೀಳುತ್ತಿತ್ತು. 0.02 ಅಂದರೂ ಕುಡಿಯುವ ನೀರಿನ ಮಿತಿಯ ಎರಡರಷ್ಟು, ಅಲ್ವಾ? ಹಾಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಂತೆ ಕೆಳಗೆ ನೀರು ಇಳಿಯದ ಲೈನರ್, ಮೇಲೆ ಮುಚ್ಚಿಗೆ ಹಾಕಿದ್ದೇವೆ. ಜೊತೆಗೆ ಲೈನರ್ ಅಡಿಯಲ್ಲಿ ಆ ಉಳಿದ ಬೀದರ್ ಕೆಂಪು ಪುಡಿಯನ್ನೇ ಒಂದಡಿ ಹಾಸಿದೆ. ಅಲ್ಲಿ ನಿಧಾನವಾದರೆ ತೊಂದರೆ ಇಲ್ಲ. ಸೀಸ, ಸತು ಜಾಸ್ತಿ ಇರುವ ಮಣ್ಣಿಗೆ ಈ ಹದವನ್ನು ಹಾಗೇ ಹಾಕಬೇಡಿ, ಅಲ್ಲಿ ಸಿಮೆಂಟ್ ಸೆಟ್ ಆಗುವುದೇ ತಡವಾಗುತ್ತದೆ, ಮೊದಲು ಸಣ್ಣ ಕ್ಯೂಬ್ ಹಾಕಿ ನೋಡಿ.