ಏಳು ರಾತ್ರಿ, ಆರು ಬಂದರು: ಮೆಡಿಟರೇನಿಯನ್ ಕ್ರೂಸ್‌ಗೆ ಹೊರಡುವ ಮುನ್ನ ಹಾಕಬೇಕಾದ ಗಂಟೆಗಳ ಲೆಕ್ಕ

ಕ್ರೂಸ್ ಕಂಪನಿಯ ಪಟ್ಟಿಯಲ್ಲಿ ‘ರೋಮ್’ ಎಂದಿರುತ್ತದೆ. ಹಡಗು ನಿಲ್ಲುವುದು ಮಾತ್ರ ಚಿವಿತಾವೆಕ್ಯಾದಲ್ಲಿ. ಅಲ್ಲಿಂದ ರೋಮ್ 70 ಕಿ.ಮೀ.ಗೂ ಹೆಚ್ಚು ದೂರ. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ ಅಥವಾ ಲಾ ಸ್ಪೆಜಿಯಾ. ‘ವೆನಿಸ್’ ಎಂದಿದ್ದರೆ ಇನ್ನೂ ಹುಷಾರಾಗಿರಿ. 25,000 ಟನ್ನೇಜ್ ಮೀರಿದ ಹಡಗುಗಳು ಸೇಂಟ್ ಮಾರ್ಕ್ ಚೌಕದ ಮುಂದೆ ಹಾದುಹೋಗುವುದನ್ನು 2021ರ ಆಗಸ್ಟ್‌ನಿಂದ ನಿಷೇಧಿಸಲಾಗಿದೆ, ಆದ್ದರಿಂದ ಅವು ಮಾರ್ಗೆರಾ, ರವೆನ್ನಾ ಅಥವಾ ತ್ರಿಯೆಸ್ತೆಯಲ್ಲಿ ನಿಲ್ಲುತ್ತವೆ. ಕ್ಯಾಬಿನ್‌ಗೆ ಕಿಟಕಿ ಬೇಕೋ ಬಾಲ್ಕನಿ ಬೇಕೋ ಎಂಬುದು ಆಮೇಲಿನ ಮಾತು. ಮೊದಲು ಪ್ರತಿ ನಿಲುಗಡೆಯ ನಿಜವಾದ ಬಂದರು ಯಾವುದು, ಹಡಗು ಎಷ್ಟಕ್ಕೆ ತಲುಪಿ ಎಷ್ಟಕ್ಕೆ ಬಿಡುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಮೊದಲ ಸಲ ಹೋಗುವವರಿಗೆ ಪಶ್ಚಿಮದ ಸುತ್ತೇ ಸಲೀಸು: ಜಿನೋವಾ, ಚಿವಿತಾವೆಕ್ಯಾ, ನೇಪಲ್ಸ್, ಮಾಲ್ಟಾದ ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ, ಮತ್ತೆ ಜಿನೋವಾ. ಎಲ್ಲವೂ ಷೆಂಗನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು; ಎಲ್ಲ ಕಡೆ ಗಡಿಯಾರವೂ ಒಂದೇ.

ವೀಸಾ

ಹೆಚ್ಚು ದಿನ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಸುತ್ತಿನಲ್ಲಿ ಅದು ಇಟಲಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಜೂನ್–ಜುಲೈಗೆ ಹೊರಡುವವರು ಫೆಬ್ರುವರಿಯಲ್ಲೇ ಕೂತು ಮುಗಿಸುವುದು ಒಳ್ಳೆಯದು, ಏಕೆಂದರೆ ಏಪ್ರಿಲ್ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಯುರೋಪ್ ಬಿಡುವ ದಿನದಿಂದ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್‌ಗೆ ಅವಧಿ ಉಳಿದಿರಬೇಕು.

ಹಲವರು ಎಡವುವುದು ಒಂದೇ ಕಡೆ. ದಾರಿಯಲ್ಲಿ ಟ್ಯುನೀಷಿಯಾದ ಟ್ಯುನಿಸ್, ಮಾಂಟೆನೆಗ್ರೊದ ಕೊಟೋರ್ ಅಥವಾ ಟರ್ಕಿಯ ಕುಶಾದಾಸಿ ಇದ್ದರೆ ಹಡಗು ಷೆಂಗನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತದೆ. ಅದಕ್ಕೆ ಮಲ್ಟಿಪಲ್ ಎಂಟ್ರಿ ವೀಸಾವೇ ಬೇಕು. ಸಿಂಗಲ್ ಎಂಟ್ರಿ ಇದ್ದರೆ ಹತ್ತುವ ಕೌಂಟರಿನಲ್ಲೇ ವಾಪಸ್ ಕಳುಹಿಸಬಹುದು, ಕಟ್ಟಿದ ಹಣವೂ ಹೋಗುತ್ತದೆ.

ಪೆಟ್ಟಿಗೆ

ನಮ್ಮವರ ಲಗೇಜಿನಲ್ಲಿ ತಪ್ಪದೇ ಇರುವ ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಮೂರನ್ನೂ ಹಡಗಿನ ಸ್ಕ್ಯಾನಿಂಗ್‌ನಲ್ಲಿ ತೆಗೆದಿರಿಸಿಕೊಳ್ಳುತ್ತಾರೆ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ತುಪ್ಪ, ಪನೀರ್, ಹಾಲಿನ ಪೇಡ, ಹಸಿ ಕರಿಬೇವಿಗೆ ಯುರೋಪಿನ ಕಸ್ಟಮ್ಸ್‌ನಲ್ಲಿ ಪ್ರವೇಶವಿಲ್ಲ. ಚಟ್ನಿಪುಡಿ, ಖಾಖ್ರಾ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿರಲಿ. ಸಸ್ಯಾಹಾರ ಬೇಕೆಂದು ಬುಕಿಂಗ್ ಮಾಡುವಾಗಲೇ ಲಿಖಿತವಾಗಿ ತಿಳಿಸಿ, ಈರುಳ್ಳಿ–ಬೆಳ್ಳುಳ್ಳಿ ಬೇಡವಾದರೆ ಅದನ್ನೂ ಬಿಡಿಸಿ ಬರೆಯಿರಿ. ಮೊಟ್ಟೆ, ಚೀಸ್ ಅವರ ಲೆಕ್ಕದಲ್ಲಿ ಸಸ್ಯಾಹಾರವೇ.

ಹತ್ತುವ ದಿನ

ಬೆಂಗಳೂರಿನಿಂದ ಜಿನೋವಾಕ್ಕೆ ನೇರ ವಿಮಾನವಿಲ್ಲ. ಹಡಗು ಹೊರಡುವ ದಿನವೇ ಇಳಿಯುವಂತೆ ಟಿಕೆಟ್ ಮಾಡಿಸಬೇಡಿ, ಒಂದು ರಾತ್ರಿ ಮೊದಲೇ ಊರು ಸೇರಿ. ಹತ್ತಿದ ಕೂಡಲೇ ಮಸ್ಟರ್ ಡ್ರಿಲ್, ಅಂದರೆ ತುರ್ತು ಸಂದರ್ಭದಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮು ಇರುತ್ತದೆ. ಏಳು ಚಿಕ್ಕ ಸೈರನ್, ಒಂದು ಉದ್ದ ಸೈರನ್: ಇದು ಅದರ ಸಂಕೇತ. 2012ರ ಜನವರಿಯಲ್ಲಿ ಚಿವಿತಾವೆಕ್ಯಾದಿಂದ ಹೊರಟ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಅದೇ ರಾತ್ರಿ ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹತ್ತಿದ್ದ ನೂರಾರು ಮಂದಿಗೆ ಇನ್ನೂ ತಾಲೀಮು ಆಗಿರಲಿಲ್ಲ. ಫೋಟೊ ತೆಗೆಯುವುದನ್ನು ಬಿಟ್ಟು ಆ ಕೆಲವು ನಿಮಿಷ ಗಮನ ಕೊಡಿ.

ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ದಡ ಮರೆಯಾದೊಡನೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ. ನಿಮ್ಮ ಯುರೋಪ್ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ.

ರೋಮ್ ದಿನದ ಲೆಕ್ಕ

ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ನೋಡಲು 11 ಗಂಟೆ ಸಿಕ್ಕಂತೆ ಕಾಣುತ್ತದೆ, ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಕೆಳಗಿಳಿಯುವಾಗ 7.45. ಬಂದರಿನೊಳಗೆ ನಡೆಯಲು ಬಿಡುವುದಿಲ್ಲ. ಶಟಲ್ ಬಸ್ಸಿನಲ್ಲಿ ಲಾರ್ಗೊ ದೆಲ್ಲಾ ಪಾಚೆ ಎಂಬ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಊರ ಬಸ್ಸಿನಲ್ಲೋ ನಡೆದೋ ರೈಲು ನಿಲ್ದಾಣ ಸೇರುವಾಗ 8.30. ರೀಜನಲ್ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವ್ಯಾಟಿಕನ್ ನೋಡುವವರು ಕೊನೆಯ ಟೆರ್ಮಿನಿ ತನಕ ಹೋಗದೆ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯಬೇಕು. ಸೇಂಟ್ ಪೀಟರ್ಸ್ ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ.

ಇನ್ನು ಹಿಂದಿನಿಂದ ಎಣಿಸಿ. ಹಡಗೇರುವ ಕೊನೆಯ ಸಮಯ ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, 5 ಎನ್ನಿ. ಒಂದು ರೈಲು ತಪ್ಪಿದರೂ ಇನ್ನೊಂದು ಸಿಗಬೇಕಾದರೆ 2.15ರ ಹೊತ್ತಿಗೆ ರೋಮ್ ಬಿಡಬೇಕು. ಕೈಯಲ್ಲಿ ಉಳಿಯುವುದು ನಾಲ್ಕೂವರೆ ಗಂಟೆ. ಇಷ್ಟರಲ್ಲಿ ವ್ಯಾಟಿಕನ್ ಅಥವಾ ಕೊಲೋಸಿಯಂ, ಒಂದನ್ನು ಆರಿಸಿ. ಎರಡೂ ಬೇಕೆಂದವರು ಎರಡರ ಸಾಲಿನಲ್ಲೂ ನಿಂತು ಬರುತ್ತಾರೆ, ಅಷ್ಟೇ. ಕೊಲೋಸಿಯಂ ಟಿಕೆಟ್ 30 ದಿನ ಮೊದಲು ಬಿಡುಗಡೆಯಾಗುತ್ತದೆ, ಹೆಸರು ಮತ್ತು ಸಮಯ ನಮೂದಾಗಿರುತ್ತದೆ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿ ರಜೆ.

ಕಾಗದದ ರೈಲು ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರದೊಳಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ ಬೀಳುತ್ತದೆ. ಫಲಕದಲ್ಲಿ ‘ಶೋಪೆರೊ’ ಎಂದು ಕಂಡರೆ ಮುಷ್ಕರ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ತನಕ ಕೆಲವು ರೈಲುಗಳು ಖಾತ್ರಿ, ಆದರೆ ಸಂಜೆ 6ಕ್ಕೆ ನಿಮ್ಮ ಹಡಗೇ ಇರುವುದಿಲ್ಲ. ಅಂಥ ದಿನ ಹಡಗಿನವರದೇ ಬಸ್ ಪ್ರವಾಸ ತೆಗೆದುಕೊಳ್ಳಿ. ಅದು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ.

ಉಳಿದ ಬಂದರುಗಳು

ನೇಪಲ್ಸ್‌ನಲ್ಲಿ ಹಡಗು ಊರ ಮಧ್ಯಕ್ಕೇ ಬಂದು ನಿಲ್ಲುತ್ತದೆ, ಎದುರಿಗೇ ಕಾಸ್ತೆಲ್ ನುವೊವೊ ಕೋಟೆ. ರೋಮನ್ ಕಾಲದ ಪಾಳು ನಗರ ಪಾಂಪೇಗೆ ಗರಿಬಾಲ್ದಿ ನಿಲ್ದಾಣದಿಂದ ಚಿರ್ಕುಮ್‌ವೆಸುವಿಯಾನಾ ರೈಲು, ಸುಮಾರು 40 ನಿಮಿಷ. ಇಳಿಯಬೇಕಾದದ್ದು ‘ಪೊಂಪೇಯಿ ಸ್ಕಾವಿ’ಯಲ್ಲಿ. ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರಿರುವುದರಿಂದ ಗುರುತಿನ ಚೀಟಿ ಬೇಕು. ಜುಲೈ ಬಿಸಿಲಿಗೆ ಅಲ್ಲಿ ನೆರಳೇ ಇಲ್ಲ. ಟೋಪಿ, ಒಂದು ಲೀಟರ್ ನೀರು, ಜಾರದ ಬೂಟು ಇರಲಿ. ಬೀದಿಯ ಕಪ್ಪು ಕಲ್ಲನ್ನು ಬಗ್ಗಿ ನೋಡಿ: ಗಾಡಿ ಚಕ್ರ ಉಜ್ಜಿ ಉಜ್ಜಿ ಕೊರೆದ ಜಾಡಿನಲ್ಲಿ ಬೆರಳು ಇಳಿಯುತ್ತದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿ ಮುಚ್ಚುವ ಮೊದಲಿನ ಜಾಡು ಅದು. ಬೀದಿ ದಾಟಲು ಹಾಕಿದ ಎತ್ತರದ ಕಲ್ಲುಗಳ ನಡುವೆ ಗಾಡಿಯ ಗಾಲಿಗಷ್ಟೇ ಜಾಗ ಬಿಟ್ಟಿದ್ದಾರೆ.

ವಲೆಟ್ಟಾ ತಲುಪುವಾಗ ನಿದ್ದೆ ಬಿಟ್ಟು ಡೆಕ್ ಮೇಲಿರಿ. 1565ರ ತುರ್ಕರ ಮುತ್ತಿಗೆಯ ಮರುವರ್ಷ ಕಟ್ಟಲು ಶುರುಮಾಡಿದ ಊರದು, ಜೇನುಬಣ್ಣದ ಗೋಡೆಗಳು ಎರಡೂ ಕಡೆ ಏಳುತ್ತವೆ. ಇಲ್ಲಿ ರೈಲು ಬಸ್ಸು ಏನೂ ಬೇಡ. ಬಂದರಿನ ಪಕ್ಕದ ಲಿಫ್ಟ್ 58 ಮೀಟರ್ ಮೇಲೆ ಅಪ್ಪರ್ ಬರ‍್ರಾಕಾ ತೋಟಕ್ಕೆ ಒಯ್ಯುತ್ತದೆ, ಮಧ್ಯಾಹ್ನ 12ಕ್ಕೆ ಅಲ್ಲಿ ತೋಪು ಹಾರಿಸುತ್ತಾರೆ. ಕಾರವಾಜೊನ ದೊಡ್ಡ ಚಿತ್ರವಿರುವ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್‌ಗೆ ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ.

ಬಾರ್ಸಿಲೋನಾದಲ್ಲಿ ಸಗ್ರಾದಾ ಫಮಿಲಿಯಾ ಚರ್ಚಿನ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಮಾರ್ಸೇಯ ಕ್ರೂಸ್ ಟರ್ಮಿನಲ್ ಹಳೇ ಬಂದರಿನಿಂದ ಬಹಳ ದೂರ, ನಡೆಯುವ ಯೋಚನೆ ಬೇಡ.

ಹಡಗು ತಪ್ಪಿದರೆ

ಕ್ಯಾಬಿನ್‌ಗೆ ಬರುವ ದಿನದ ಹಾಳೆಯಲ್ಲಿ ಆ ಬಂದರಿನ ಏಜೆಂಟರ ನಂಬರ್ ಇರುತ್ತದೆ. ಇಳಿಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಅದರ, ವೀಸಾ ಪುಟದ ಕಲರ್ ಜೆರಾಕ್ಸ್ ಜೊತೆಗಿರಲಿ. ಮುಂದಿನ ಬಂದರು ಸೇರುವ ಖರ್ಚು ನಿಮ್ಮದೇ. ಚಿವಿತಾವೆಕ್ಯಾದಲ್ಲಿ ತಪ್ಪಿದರೆ ನೇಪಲ್ಸ್‌ಗೆ ರೈಲುಂಟು, ನೇಪಲ್ಸ್‌ನಲ್ಲಿ ತಪ್ಪಿದರೆ ಮಾಲ್ಟಾಕ್ಕೆ ವಿಮಾನವೇ ಗತಿ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಔಷಧಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆಯನ್ನು ಕೈಚೀಲದಲ್ಲಿ ಉಳಿಸಿಕೊಳ್ಳಿ. ವಾಪಸ್ ವಿಮಾನ ಮಧ್ಯಾಹ್ನ 1ರ ಮೇಲಿರಲಿ. ಸಂಜೆಯದಾದರೆ ಜಿನೋವಾದ ಹಳೇ ಬಂದರಿನೆದುರು ಸೊತ್ತೊರಿಪಾ ಎಂಬ ಕಮಾನುಗಳ ಸಾಲಿದೆ. ಅಲ್ಲಿ ಫರಿನಾತಾ ಸಿಗುತ್ತದೆ: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ತಾಮ್ರದ ಅಗಲ ತಟ್ಟೆಯಲ್ಲಿ ಸೌದೆ ಒಲೆಗಿಟ್ಟು ಬೇಯಿಸಿದ್ದು. ಬಿಸಿಯಿದ್ದಾಗಲೇ ತಿನ್ನಬೇಕು.